ಕಮ್ಮಟ ಮತ್ತು ಕರಡು

ಕನ್ನಡದಲ್ಲಿ ‘ಕಮ್ಮಟ’ ಎಂಬ ಪದದ ಮೊದಲ ಅರ್ಥ ಟಂಕಸಾಲೆ, ಅಂದರೆ ಲೋಹವನ್ನು ಕಾಯಿಸಿ, ಅಚ್ಚಿನಡಿ ಇಟ್ಟು, ನಾಣ್ಯ ಹೊಡೆಯುವ ಜಾಗ; ಕಥಾಕಮ್ಮಟ, ಕಾವ್ಯಕಮ್ಮಟ ಎಂದು ಬರವಣಿಗೆಯ ತರಬೇತಿಗೆ ಆ ಹೆಸರು ಅಂಟಿಕೊಂಡದ್ದು ಬಹಳ ಈಚೆಗೆ. ಕೆಳದಿಯ ಅರಸರ ಟಂಕಸಾಲೆ ಈಗಿನ ಸಾಗರ ತಾಲ್ಲೂಕಿನ ಇಕ್ಕೇರಿಯಲ್ಲಿತ್ತು; ರಾಜಧಾನಿ ಈಗಿನ ಹೊಸನಗರ ತಾಲ್ಲೂಕಿನ ಬಿದನೂರಿಗೆ ಸರಿದು, ಟಂಕಸಾಲೆಯೂ ಅದರ ಹಿಂದೆ ಹೋದ ಮೇಲೂ ಅಲ್ಲಿಂದ ಹೊರಬಿದ್ದ ವರಹಕ್ಕೆ ಇಕ್ಕೇರಿ ವರಹವೆಂಬ ಹೆಸರೇ ಉಳಿಯಿತು. ಎಲ್ಲಿ ಹೊಡೆದರೂ ಒಂದು ನಾಣ್ಯ ಇನ್ನೊಂದರಂತೆಯೇ ಇರಬೇಕೆಂಬುದು ಹಣದ ಧರ್ಮ. ಸಾರ್ವಜನಿಕ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ ಬರವಣಿಗೆಯ ಕಮ್ಮಟ ನಡೆಸಬೇಕೆನ್ನುವವರು ಆ ಧರ್ಮವನ್ನು ಒಪ್ಪುತ್ತಾರೆಯೇ ಇಲ್ಲವೇ ಎಂಬುದರ ಸುತ್ತ ಈ ಸಂವಾದ ಬೆಳೆದಿದೆ.

ಮಾತನಾಡುವ ಇಬ್ಬರಲ್ಲಿ ಒಬ್ಬರು ತೀರ್ಥಹಳ್ಳಿಯ ಆಸುಪಾಸಿನ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಅಧ್ಯಾಪಕರು, ಇನ್ನೊಬ್ಬರು ಅದೇ ತಾಲ್ಲೂಕಿನ ಗ್ರಾಮ ಪಂಚಾಯಿತಿ ಗ್ರಂಥಾಲಯವೊಂದರ ಮೇಲ್ವಿಚಾರಕಿ. ಇವರು ನಿಜವಾದ ವ್ಯಕ್ತಿಗಳಲ್ಲ, ವಾದದ ಎರಡು ಮಗ್ಗುಲುಗಳು. ಆದರೆ ಮಳೆಗಾಲದ ಸಂಜೆ ಮಲೆನಾಡಿನಲ್ಲಿ ಇಂಥ ಇಬ್ಬರು ಎದುರುಬದುರು ಕೂತರೆ ಮಾತು ಬೇಗ ಮುಗಿಯುವುದಿಲ್ಲವೆಂಬುದು ಮಾತ್ರ ನಿಜ.

ಅಧ್ಯಾಪಕ: ಬರವಣಿಗೆಯನ್ನು ಕಲಿಸಬಹುದೆಂಬ ಮಾತನ್ನು ಒಪ್ಪುವುದು ಬೇರೆ ಕಡೆಯವರಿಗಿಂತ ಈ ತಾಲ್ಲೂಕಿನವರಿಗೆ ಹೆಚ್ಚು ಕಷ್ಟ. ಕುಪ್ಪಳಿಯ ಕುವೆಂಪು, ಮೇಳಿಗೆಯ ಅನಂತಮೂರ್ತಿ, ಹಾರೋಗದ್ದೆಯ ಹಾ.ಮಾ. ನಾಯಕ, ತೀರ್ಥಹಳ್ಳಿಯಲ್ಲೇ ಹುಟ್ಟಿದ ಎಂ.ಕೆ. ಇಂದಿರಾ, ಇವರಲ್ಲಿ ಯಾರನ್ನೂ ಕಮ್ಮಟ ತಯಾರಿಸಲಿಲ್ಲ. ಇಂದಿರಾ ಅವರಿಗಂತೂ ಶಾಲೆಯೇ ಸರಿಯಾಗಿ ದಕ್ಕಲಿಲ್ಲ, ಬಾಲ್ಯ ಮುಗಿಯುವ ಮೊದಲೇ ಮದುವೆಯಾಯಿತು, ಆದರೂ ‘ಫಣಿಯಮ್ಮ’ದಂಥ ಕಾದಂಬರಿಯನ್ನು ಅವರು ಕೊಟ್ಟರು. ಪಂಚಾಯಿತಿ ಕಟ್ಟಡದ ಪಕ್ಕದ ಕೋಣೆಯಲ್ಲಿ ಇಪ್ಪತ್ತು ಮಕ್ಕಳನ್ನು ಕೂರಿಸಿ ಕಾಗದ ಹಂಚಿದರೆ ಅದಕ್ಕಿಂತ ಹೆಚ್ಚಿನದೇನು ಆದೀತು?

ಮೇಲ್ವಿಚಾರಕಿ: ಆ ಉದಾಹರಣೆಯನ್ನು ತಿರುಗಿಸಿ ನೋಡಬಹುದು, ಮೇಷ್ಟ್ರೇ. 1917ರಲ್ಲಿ ಹುಟ್ಟಿದ ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದದ್ದು 1963ರಲ್ಲಿ, ಅಂದರೆ ಅವರಿಗೆ ನಲವತ್ತೈದು ದಾಟಿದ ಮೇಲೆ. ‘ಫಣಿಯಮ್ಮ’ ಬಂದದ್ದು 1976ರಲ್ಲಿ, ಅದೂ ಮನೆಯ ಹಿರಿಯರ ಬಾಯಿಂದ ಕೇಳಿದ ಒಬ್ಬ ಬಾಲವಿಧವೆಯ ಬದುಕಿನಿಂದ. ಅವರ ಸಾಧನೆಯನ್ನು ಕೊಂಡಾಡುವವರು ನಡುವಿನ ಆ ವರ್ಷಗಳನ್ನು ಲೆಕ್ಕ ಹಾಕುವುದಿಲ್ಲ. ಅಷ್ಟೇ ಕತೆಗಳನ್ನು ಕೇಳಿಯೂ ನಲವತ್ತೈದರಲ್ಲಿಯೂ ಲೇಖನಿ ಹಿಡಿಯದೆ ಹೋದ ಹೆಂಗಸರ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ. ಕುವೆಂಪು ಅವರ ವಿಷಯದಲ್ಲಿ, 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನ ಸಂಕಲನ ತಂದಿದ್ದ ತರುಣ 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತನ್ನ ಇಂಗ್ಲಿಷ್ ಪದ್ಯಗಳನ್ನು ತೋರಿಸಿದ್ದೂ, ಅವರು ಕನ್ನಡದಲ್ಲಿ ಬರೆಯುವಂತೆ ಸೂಚಿಸಿದ್ದೂ ಎಲ್ಲರಿಗೂ ಗೊತ್ತಿರುವ ಸಂಗತಿ. ಕಸಿನ್ಸ್ ಛಂದಸ್ಸು ಕಲಿಸಲಿಲ್ಲ, ಕಲಿಸಲು ಅವರಿಗೆ ಕನ್ನಡ ಬರುತ್ತಲೂ ಇರಲಿಲ್ಲ. ಬರೆದದ್ದನ್ನು ಗಮನವಿಟ್ಟು ಓದಿ, ಬರೆದವನು ಯೋಚಿಸಬೇಕಾದ ಒಂದು ಮಾತನ್ನು ಆಡಿದರು. ಕಮ್ಮಟದಲ್ಲಿ ನಡೆಯಬೇಕಾದದ್ದು ಮುಖ್ಯವಾಗಿ ಇಷ್ಟೇ.

ಅಧ್ಯಾಪಕ: ಇಷ್ಟೇ ಆದರೆ ಅದಕ್ಕೆ ಶಾಲೆಯಿದೆ. ಪ್ರಬಂಧ, ಪತ್ರಲೇಖನ, ಗಾದೆ ವಿಸ್ತರಣೆ ಇವೆಲ್ಲ ಪಠ್ಯಕ್ರಮದಲ್ಲಿಯೇ ಇವೆ, ಅವಕ್ಕೆ ಅಂಕಗಳೂ ಇವೆ.

ಮೇಲ್ವಿಚಾರಕಿ: ಅಂಕವಿರುವುದೇ ತೊಡಕು. ಗಾದೆ ಯಾವುದೇ ಇರಲಿ, ವಿಸ್ತರಣೆಯ ಮೊದಲ ವಾಕ್ಯ ಗಾದೆಗಳು ವೇದಗಳಿಗೆ ಸಮ ಎಂದೇ ಆಗಿರಬೇಕೆಂದು ಹತ್ತನೆಯ ತರಗತಿಯ ಮಗುವಿಗೆ ಗೊತ್ತು, ಏಕೆಂದರೆ ಆ ವಾಕ್ಯಕ್ಕೆ ಅಂಕ ಖಾತ್ರಿ. ಪ್ರಬಂಧಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರವೆಂಬ ಮೂರು ಖಾನೆಗಳಿವೆ. ಕತೆಗೆ ಕೊನೆಯಲ್ಲಿ ‘ನೀತಿ’ ಎಂದು ಬರೆದು ಎರಡು ಚುಕ್ಕೆ ಇಡುವ ಪದ್ಧತಿಯಿದೆ. ಇವುಗಳಿಂದ ಉಪಯೋಗವಿಲ್ಲವೆಂದಲ್ಲ, ಉತ್ತರಪತ್ರಿಕೆಯನ್ನು ಒಂದೇ ಅಳತೆಯಲ್ಲಿ ತೂಗಲು ಇವು ಬೇಕು. ಆದರೆ ಇದು ಇಕ್ಕೇರಿಯ ಕಮ್ಮಟ, ಇಲ್ಲಿ ಅಚ್ಚು ಮೊದಲು, ಲೋಹ ಆಮೇಲೆ. ಇದಕ್ಕಿಂತ ಗಂಭೀರವಾದ ಕೊರತೆ ಬೇರೊಂದಿದೆ. ಶಾಲೆಯಲ್ಲಿ ಮಗು ಬರೆಯುವ ಪುಸ್ತಕಗಳು ಎರಡು ಬಗೆಯವು: ಹಲಗೆಯ ಮೇಲಿರುವುದನ್ನು ನಕಲು ಮಾಡಿಕೊಳ್ಳುವ ಪುಸ್ತಕ, ಪರೀಕ್ಷೆಯ ಉತ್ತರಪತ್ರಿಕೆ. ಮೊದಲನೆಯದರಲ್ಲಿ ಮಾತು ಮಗುವಿನದಲ್ಲ, ಎರಡನೆಯದರಲ್ಲಿ ಮಾತು ಮಗುವಿನದಾದರೂ ತಿದ್ದಿಕೊಳ್ಳಲು ಅವಕಾಶವಿಲ್ಲ. ಕರಡು, ಅಂದರೆ ತಪ್ಪಾಗಬಹುದೆಂದು ಗೊತ್ತಿದ್ದೂ, ಮತ್ತೆ ಬರೆಯಬಹುದೆಂಬ ಧೈರ್ಯದಿಂದ ಬರೆಯುವ ಮೊದಲ ಪ್ರತಿ, ಅದಕ್ಕೆ ಈ ಎರಡರಲ್ಲೂ ಎಡೆಯಿಲ್ಲ. ಎಲ್ಲ ಲೇಖಕರೂ ದಿನವೂ ಮಾಡುವ ಕೆಲಸವೊಂದನ್ನು ಹತ್ತು ವರ್ಷ ಕಲಿತ ಮಗು ಒಮ್ಮೆಯೂ ಮಾಡದೆ ಹೊರಬರುತ್ತದೆ. ಗ್ರಂಥಾಲಯದ ಕಮ್ಮಟ ಮಗುವಿಗೆ ಕೊಡುವ ಮೊದಲ ವಸ್ತು ಈ ಕರಡು. ಅದಕ್ಕೆ ಅಂಕವಿಲ್ಲ, ಬಹುಮಾನವೂ ಇರಕೂಡದು.

ಅಧ್ಯಾಪಕರಿಗೆ ಈ ಮಾತು ಚುಚ್ಚದೆ ಇರಲಾರದು, ಏಕೆಂದರೆ ಕೆಂಪು ಶಾಯಿಯಲ್ಲಿ ಒತ್ತು, ದೀರ್ಘ, ಮಹಾಪ್ರಾಣಗಳನ್ನು ತಿದ್ದುತ್ತ ಕಳೆದ ಸಂಜೆಗಳು ಅವರ ವೃತ್ತಿಜೀವನದ ದೊಡ್ಡ ಪಾಲು. ತಿದ್ದುವುದನ್ನೇ ಬಿಟ್ಟರೆ ಭಾಷೆ ಏನಾದೀತೆಂಬ ಅವರ ಆತಂಕವನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕುವುದು ಅನ್ಯಾಯ. ಅ-ಹ ಅದಲುಬದಲಾದರೆ ಆದರ ಹೋಗಿ ಹಾದರವಾಗುವ ಭಾಷೆಯಲ್ಲಿ ಕಾಗುಣಿತ ಅಲಂಕಾರವಲ್ಲ.

ಅಧ್ಯಾಪಕ: ಹಾಗಾದರೆ ತಪ್ಪುಗಳನ್ನು ಯಾರು ತಿದ್ದಬೇಕು? ಸ್ವಾತಂತ್ರ್ಯದ ಹೆಸರಿನಲ್ಲಿ ಮಗುವಿಗೆ ತಪ್ಪು ಕನ್ನಡವನ್ನೇ ಗಟ್ಟಿಮಾಡಿಕೊಟ್ಟಂತೆ ಆಗುವುದಿಲ್ಲವೇ?

ಮೇಲ್ವಿಚಾರಕಿ: ತಿದ್ದಬೇಕು, ಆದರೆ ಯಾವಾಗ ಎಂಬುದು ಪ್ರಶ್ನೆ. ಇಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿದ ಕತೆಯನ್ನು ಹೇಳುತ್ತಿರುವ ಮಗುವಿಗೆ ಮಧ್ಯದಲ್ಲಿ ವಿಭಕ್ತಿ ತಪ್ಪಿತೆಂದು ಹೇಳಿದರೆ ಕತೆ ಅಲ್ಲಿಗೇ ನಿಲ್ಲುತ್ತದೆ, ಇಂಬಳವೂ ಉದುರಿಹೋಗುತ್ತದೆ. ಕರಡು ಮುಗಿದು, ಅದನ್ನು ಗಟ್ಟಿಯಾಗಿ ಓದಿ, ಕೇಳಿದವರು ಅರ್ಥವಾಗದ ಕಡೆ ತಡೆದು ಕೇಳಿ, ಮಗು ಎರಡನೆಯ ಪ್ರತಿ ಬರೆಯಲು ಕೂತಾಗ ಕಾಗುಣಿತದ ಮಾತು ಬಂದರೆ ಅದು ಶಿಕ್ಷೆಯಾಗಿ ಕಾಣುವುದಿಲ್ಲ. ಅದಕ್ಕಿಂತಲೂ ಸೂಕ್ಷ್ಮವಾದ ಪ್ರಶ್ನೆ, ತಪ್ಪು ಎಂದು ಯಾವುದನ್ನು ಕರೆಯಬೇಕೆಂಬುದು. ತೀರ್ಥಹಳ್ಳಿ, ಹೊಸನಗರ, ಸಾಗರಗಳ ಒಂದೇ ಬೆಂಚಿನಲ್ಲಿ ಹವ್ಯಕ ಕನ್ನಡದ ಮಗು, ದೀವರ ಮನೆಮಾತಿನ ಮಗು, ಒಕ್ಕಲಿಗರ ಮನೆಯ ಮಗು, ಕೊಂಕಣಿ ಅಥವಾ ಉರ್ದು ಆಡುವ ಮಗು ಒಟ್ಟಿಗೆ ಕೂತಿರುತ್ತವೆ. ಪಠ್ಯಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯದೂ ಅಲ್ಲ. ಅಜ್ಜಿಯ ಮಾತನ್ನು ಅಜ್ಜಿ ಆಡಿದ ಹಾಗೆಯೇ ಬರೆದ ಮಗುವಿನ ವಾಕ್ಯವನ್ನು ಗ್ರಂಥಭಾಷೆಗೆ ತಿದ್ದಿದರೆ ಅಜ್ಜಿಯೇ ಬದಲಾಗಿಬಿಡುತ್ತಾಳೆ.

ಅಧ್ಯಾಪಕ: ಅಜ್ಜಿಯ ಮಾತಿಗೆ ಉದ್ಧರಣ ಚಿಹ್ನೆ ಹಾಕಿದರೆ ಅಭ್ಯಂತರವಿಲ್ಲ. ಆದರೆ ಕಾಗದ ಮುಂದಿಟ್ಟು ಏನಾದರೂ ಬರೆ ಎಂದರೆ ಬಹಳಷ್ಟು ಮಕ್ಕಳು ಮೇಲೆ ಹೆಂಚು ನೋಡುತ್ತಾ ಕೂರುತ್ತಾರೆ. ಅದಕ್ಕೊಂದು ವಿಧಾನ ಇರಬೇಕಲ್ಲ?

ಮೇಲ್ವಿಚಾರಕಿ: ಏನಾದರೂ ಎನ್ನುವುದೇ ಬರವಣಿಗೆಗೆ ಇರುವ ಅತ್ಯಂತ ಕಷ್ಟದ ವಿಷಯ, ಸ್ವಾತಂತ್ರ್ಯಕ್ಕೆ ಒಂದು ಬೇಲಿ ಬೇಕು. ಇಟಲಿಯ ಮಕ್ಕಳ ಲೇಖಕ ಜಾನ್ನಿ ರೊದಾರಿ 1972ರಲ್ಲಿ ರೆಜ್ಜೊ ಎಮಿಲಿಯ ಎಂಬ ಊರಿನ ಅಧ್ಯಾಪಕರ ಮುಂದೆ ಕೆಲವು ದಿನ ಮಾತನಾಡಿ, ಅದನ್ನೇ ಮರುವರ್ಷ ಕಲ್ಪನೆಯ ವ್ಯಾಕರಣ ಎಂಬರ್ಥದ ಪುಸ್ತಕವಾಗಿಸಿದ. ಅವನ ಮುಖ್ಯ ಉಪಾಯ ಜೋಡಿಪದದ್ದು: ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಸ್ತುಗಳನ್ನು, ಅವನ ಉದಾಹರಣೆಯಲ್ಲಿ ನಾಯಿ ಮತ್ತು ಬಟ್ಟೆಯ ಕಪಾಟನ್ನು, ಪಕ್ಕಪಕ್ಕ ಇಟ್ಟು, ಅವುಗಳ ನಡುವೆ ಸಂಬಂಧಸೂಚಕ ಪದವೊಂದನ್ನು ತೂರಿಸಿದರೆ ಕತೆ ತಾನೇ ಕದಲುತ್ತದೆ. ಕನ್ನಡದಲ್ಲಿ ಆ ಕೆಲಸ ಮಾಡಲು ಬೇರೆ ಪದ ಬೇಕಿಲ್ಲ, ವಿಭಕ್ತಿ ಪ್ರತ್ಯಯಗಳೇ ಸಾಕು. ಗದ್ದೆಯಲ್ಲಿ ನಾಟಿ ಮಾಡುವಾಗ ಮಳೆಗೆ ಬೆನ್ನ ಮೇಲೆ ಹೊದೆಯುವ, ಎಲೆಯಿಂದ ಹೆಣೆದ ಗೊರಬನ್ನೂ ಬಸ್ಸನ್ನೂ ತೆಗೆದುಕೊಂಡರೆ, ಬಸ್ಸಿನಲ್ಲಿ ಗೊರಬು ಎಂಬುದು ಯಾರೋ ಮರೆತುಹೋದ ವಸ್ತುವಿನ ಸಾಧಾರಣ ಕತೆ. ಗೊರಬಿನಲ್ಲಿ ಬಸ್ಸು ಎಂದರೆ ಬಸ್ಸು ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾಯಿತು. ಬಸ್ಸಿಗೆ ಗೊರಬು ಎಂದರೆ ಆಗುಂಬೆ ಘಾಟಿಯಲ್ಲಿ ಚಳಿಗೆ ನಡುಗುವ ಬಸ್ಸೊಂದಕ್ಕೆ ಯಾರೋ ಗೊರಬು ಹೆಣೆಯಲು ಕೂತಿದ್ದಾರೆ, ಅಷ್ಟು ದೊಡ್ಡ ಎಲೆ ಎಲ್ಲಿ ಸಿಕ್ಕೀತೆಂದು ಮಗು ಈಗಾಗಲೇ ಕಾಡಿಗೆ ಹೊರಟಿದೆ.

ಅಧ್ಯಾಪಕ: ಚತುರ್ಥೀ ವಿಭಕ್ತಿ, ‘ಗೆ’ ಪ್ರತ್ಯಯ. ಬಾಯಿಪಾಠ ಮಾಡಿಸಿದ ಅಷ್ಟು ವರ್ಷಗಳಲ್ಲಿ ಅದರೊಳಗೆ ಬಸ್ಸು ಕಾಣಲಿಲ್ಲ ಎಂಬುದು ಒಪ್ಪಬೇಕಾದ ಮಾತೇ. ಆದರೆ ಇದಕ್ಕೆ ಇಟಲಿಯವರೆಗೆ ಹೋಗಬೇಕಾದ ಅಗತ್ಯವೇನು? ಮಳೆಗಾಲದಲ್ಲಿ ಈ ಮೂರು ತಾಲ್ಲೂಕುಗಳ ಮನೆ ಜಗುಲಿಗಳಲ್ಲಿ ತಾಳಮದ್ದಲೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪ್ರಸಂಗದ, ಅಂದರೆ ಯಕ್ಷಗಾನಕ್ಕಾಗಿ ರಚಿಸಿದ ಹಾಡುಗಬ್ಬದ, ಒಂದು ಪದ್ಯ ಹಾಡುತ್ತಾರೆ, ಅರ್ಥಧಾರಿಯಾದವನು ಆ ಪದ್ಯಕ್ಕೆ ಬರೆದಿಟ್ಟುಕೊಳ್ಳದ ಗದ್ಯವನ್ನು ಅಲ್ಲಿಯೇ ಕಟ್ಟಿ ಮಾತನಾಡುತ್ತಾನೆ. ಪದ್ಯ ಅದೇ, ಕರ್ಣನೂ ಅವನೇ. ಆದರೆ ಅರ್ಥಧಾರಿ ಬದಲಾದರೆ ಕರ್ಣನ ಸಂಕಟ ಬದಲಾಗುತ್ತದೆ, ಎದುರಿನ ಕೃಷ್ಣ ಜಾಣನಾಗಿದ್ದರೆ ಇನ್ನಷ್ಟು ಬದಲಾಗುತ್ತದೆ. ಇದನ್ನು ಯಾರೂ ಕಲಿಸಲಿಲ್ಲ.

ಮೇಲ್ವಿಚಾರಕಿ: ಯಾರೂ ಕಲಿಸಲಿಲ್ಲವೇ? ಹಿರಿಯ ಅರ್ಥಧಾರಿಗಳ ಪಕ್ಕದಲ್ಲಿ ದೂತನ ಪಾತ್ರಕ್ಕೆ ಕೂತು, ಎರಡು ಮಾತಾಡಿ, ತಪ್ಪಿ, ಕೂಟ ಮುಗಿದ ಮೇಲೆ ಊಟದ ಪಂಕ್ತಿಯಲ್ಲಿ ಬೈಸಿಕೊಂಡು, ಮುಂದಿನ ವಾರ ಮತ್ತೆ ಕೂತವರೇ ಅರ್ಥಧಾರಿಗಳಾದರು. ಬೇಲಿಯಾಗಿ ಪದ್ಯವಿದೆ, ಬೇಲಿಯೊಳಗೆ ಬಯಲಿದೆ, ಕೇಳುವವರಿದ್ದಾರೆ, ವಾರವಾರವೂ ನಡೆಯುತ್ತದೆ. ಅದರ ಹೆಸರು ಮಾತ್ರ ಕಮ್ಮಟವಲ್ಲ.

ಇಲ್ಲಿ ಅಧ್ಯಾಪಕರು ವಾದ ಸೋತರೆಂದು ತಿಳಿಯಬೇಕಿಲ್ಲ. ತಮ್ಮ ಉದಾಹರಣೆ ಎದುರಾಳಿಯ ಕೈಗೆ ಹೋದದ್ದನ್ನು ಕಂಡು ಅರ್ಥಗಾರಿಕೆಯ ಅಭಿಮಾನಿಯೊಬ್ಬರು ಪಡುವ ಸಂತೋಷ ಬೇರೆಯೇ. ಅವರು ಆ ಸಂತೋಷದಲ್ಲೇ ಇನ್ನೊಂದು ಉದಾಹರಣೆಯನ್ನು ತಾವಾಗಿ ಸೇರಿಸಿದರು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ಮೂಲ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಬರೆದ ಪದ್ಯ, ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿಗಳು ವೇಸರ್ ನದಿಯಲ್ಲಿ ಮುಳುಗಿದರೆ ಬೊಮ್ಮನಹಳ್ಳಿಯ ಇಲಿಗಳಿಗೆ ತುಂಗೆಯ ದಡ ಸಿಕ್ಕಿತು. ಕತೆಯನ್ನು ನದಿಯಿಂದ ನದಿಗೆ ಸಾಗಿಸುವಾಗ ಇಲಿ ಹಾಳುಮಾಡುವ ತಿಂಡಿ ಬದಲಾಗಬೇಕು, ಗೌಡನ ಪೇಟ ಬದಲಾಗಬೇಕು, ವಾದ್ಯವೇ ಬದಲಾಗಿ ಕಿಂದರಿಯಾಗಬೇಕು. ಓದಿದ ಕತೆಯನ್ನು ತನ್ನ ಊರಿಗೆ ತರುವ ಈ ಅಭ್ಯಾಸಕ್ಕೆ ಪುಸ್ತಕಗಳ ಕಪಾಟು ಕೈಯಳತೆಯಲ್ಲಿ ಇರಬೇಕಾಗುತ್ತದೆ.

ಅಧ್ಯಾಪಕ: ಆ ಕಪಾಟಿನ ಕಾರಣಕ್ಕಾಗಿಯೇ ಗ್ರಂಥಾಲಯ ಬೇಕೆನ್ನುವುದಾದರೆ ಒಪ್ಪಬಹುದು. ಆದರೆ ಕಪಾಟು ಶಾಲೆಯಲ್ಲಿಯೂ ಇದೆ, ಬೀಗದ ಕೈ ಸಿಕ್ಕರೆ.

ಮೇಲ್ವಿಚಾರಕಿ: ಬೀಗದ ಕೈ ಸಿಕ್ಕರೆ ಎಂಬ ಮಾತಿನಲ್ಲೇ ಉತ್ತರವಿದೆ. ಅಂದಿನ ಮೈಸೂರು ರಾಜ್ಯ 1965ರಲ್ಲಿ ಮಾಡಿದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ಇಂದಿಗೂ ಆಸ್ತಿ ತೆರಿಗೆಯ ಮೇಲೆ ಶೇಕಡ 6ರಷ್ಟು ಗ್ರಂಥಾಲಯ ಕರ, ಅಂದರೆ ಗ್ರಂಥಾಲಯಕ್ಕೆಂದೇ ಸಲ್ಲಬೇಕಾದ ಉಪತೆರಿಗೆ, ವಸೂಲಾಗುತ್ತದೆ. ಓದು ಬಾರದ ಮನೆಯವರೂ ಅದನ್ನು ಕೊಡುತ್ತಾರೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು, 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ಕನ್ನಡ ಮಾಧ್ಯಮದ ಮಗುವೂ ಹಳದಿ ವ್ಯಾನಿನಲ್ಲಿ ಪೇಟೆಯ ಶಾಲೆಗೆ ಹೋಗುವ ಮಗುವೂ, ಐದನೆಯ ತರಗತಿಯವರೂ ಒಂಬತ್ತನೆಯವರೂ, ಶಾಲೆ ಬಿಟ್ಟವರೂ ಒಂದೇ ಚಾಪೆಯ ಮೇಲೆ ಕೂರಬಹುದಾದ ಜಾಗ ಈ ಊರುಗಳಲ್ಲಿ ಬೇರೆ ಇಲ್ಲ. ಬಯಲುಸೀಮೆಯ ಹಾಗೆ ಇಲ್ಲಿ ಮನೆಗೆ ಮನೆ ಅಂಟಿಕೊಂಡಿಲ್ಲ; ತೋಟದಾಚೆ ಒಂದು, ಗುಡ್ಡದಾಚೆ ಇನ್ನೊಂದು ಇರುವ ಒಂಟಿಮನೆಗಳ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಬಸ್ಸು ಬರುವ ತನಕದ ಮುಕ್ಕಾಲು ಗಂಟೆಯೇ ಜೊತೆಗಾರರು ಸಿಗುವ ಹೊತ್ತು. ಕಮ್ಮಟಕ್ಕೆ ಬೇಕಾದದ್ದು ವಾರಕ್ಕೊಮ್ಮೆ ಆ ಮುಕ್ಕಾಲು ಗಂಟೆ, ವರ್ಷಕ್ಕೊಮ್ಮೆ ಶಾಮಿಯಾನ ಹಾಕಿದ ಮೂರು ದಿನಗಳಲ್ಲ.

ಅಧ್ಯಾಪಕ: ಶಾಮಿಯಾನದ ಕಮ್ಮಟಗಳು ಹೇಗಿರುತ್ತವೆಂದು ತಿಳಿಯದ ವಿಷಯವಲ್ಲ. ಉದ್ಘಾಟನೆಗೆ ಎರಡು ಗಂಟೆ, ಮುಖ್ಯ ಅತಿಥಿಗಳ ಹಾರಕ್ಕೆ ಅರ್ಧ ಗಂಟೆ, ಸಂಪನ್ಮೂಲ ವ್ಯಕ್ತಿಗಳು ತಮ್ಮ ಕವನ ಓದಲು ಇನ್ನೊಂದು ಗಂಟೆ, ಉಪ್ಪಿಟ್ಟು, ಪ್ರಮಾಣಪತ್ರ, ಗುಂಪುಫೋಟೊ. ಮಕ್ಕಳು ಬರೆದದ್ದು ಹಾಜರಿ ಪುಸ್ತಕದಲ್ಲಿ ತಮ್ಮ ಹೆಸರು ಮಾತ್ರ.

ಮೇಲ್ವಿಚಾರಕಿ: ಅದನ್ನು ಸಮರ್ಥಿಸುವುದು ಸಾಧ್ಯವಿಲ್ಲ. ಹಾಗೆಯೇ ಇನ್ನೊಂದು ಮಾತನ್ನೂ ಒಪ್ಪಬೇಕು: ಪುಸ್ತಕ ಕೊಟ್ಟು, ವಾಪಸು ಬರೆದುಕೊಂಡು, ಪತ್ರಿಕೆ ಜೋಡಿಸಿ, ಕಂಪ್ಯೂಟರಿನಲ್ಲಿ ವರದಿ ತುಂಬಿ, ಕಸವನ್ನೂ ತಾನೇ ಗುಡಿಸುವ ಒಬ್ಬ ಮೇಲ್ವಿಚಾರಕಿ ಇಪ್ಪತ್ತು ಕರಡುಗಳನ್ನು ಗಮನವಿಟ್ಟು ಓದುವುದು ಆಗದ ಕೆಲಸ. ಕಸಿನ್ಸ್ ಓದಿದಂತೆ ಓದುವ ಇನ್ನೊಬ್ಬರು ಬೇಕೇ ಬೇಕು. ಅವರು ಪ್ರಸಿದ್ಧ ಲೇಖಕರಾಗಬೇಕಿಲ್ಲ, ಕೆಂಪು ಶಾಯಿಯ ಪೆನ್ನನ್ನು ಮನೆಯಲ್ಲಿ ಬಿಟ್ಟು ಬರುವ ನಿವೃತ್ತ ಅಧ್ಯಾಪಕರಾದರೂ ಆದೀತು.

ಅಧ್ಯಾಪಕ: ಆ ಆಹ್ವಾನಕ್ಕೆ ಉತ್ತರ ಆಮೇಲೆ. ಮಕ್ಕಳು ಬರೆಯುವುದು ಯಾವುದರ ಬಗ್ಗೆ, ಯಾರು ಓದಲೆಂದು?

ಮೇಲ್ವಿಚಾರಕಿ: ಪರೀಕ್ಷಕರನ್ನು ಬಿಟ್ಟು ಬೇರೆ ಯಾರಾದರೂ ಓದಲೆಂದು. ಫ್ರಾನ್ಸಿನ ಹಳ್ಳಿಯೊಂದರಲ್ಲಿ ಅಧ್ಯಾಪಕನಾಗಿದ್ದ ಸೆಲೆಸ್ತಿನ್ ಫ್ರೆನೆ 1920ರ ದಶಕದಲ್ಲಿ ತರಗತಿಯೊಳಗೆ ಒಂದು ಪುಟ್ಟ ಮುದ್ರಣಯಂತ್ರ ಇಟ್ಟು, ಮಕ್ಕಳ ಬರಹವನ್ನು ಅವರಿಂದಲೇ ಅಚ್ಚುಮಾಡಿಸಿ, ದೂರದ ಇನ್ನೊಂದು ಶಾಲೆಯ ಮಕ್ಕಳಿಗೆ ಕಳುಹಿಸುತ್ತಿದ್ದ. ಕಡಲನ್ನು ಕಾಣದವರಿಗೆ ಕಡಲನ್ನು ವಿವರಿಸಬೇಕಾದಾಗ ವಾಕ್ಯಕ್ಕೆ ಹೊಣೆ ಬರುತ್ತದೆ. ಆಗುಂಬೆಯ ಬಳಿಯ ಮಗು ಮಳೆಯ ಬಗ್ಗೆ ತನ್ನೂರಿನವರಿಗೆ ಏನೂ ಹೇಳಬೇಕಿಲ್ಲ, ಎಲ್ಲರೂ ಅದರಲ್ಲೇ ನೆನೆದವರು. ಆದರೆ ಅದೇ ಮಗು ಶರಾವತಿ ಹಿನ್ನೀರಿನ ದಡದ ಗ್ರಂಥಾಲಯಕ್ಕೆ ಬರೆದು, ಅಲ್ಲಿಯ ಮಗು ಲಾಂಚಿನಲ್ಲಿ ಹೊಳೆ ದಾಟುವುದನ್ನೂ ಅಜ್ಜನ ಊರು ನೀರಿನಡಿ ಇರುವುದನ್ನೂ ತಿರುಗಿ ಬರೆದರೆ, ಎರಡು ಪತ್ರಗಳಲ್ಲಿ ಈ ಸೀಮೆಯ ಚರಿತ್ರೆಯ ಒಂದು ಪುಟ ಸಿಕ್ಕಂತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಊರುಗಳ ಬಗ್ಗೆ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಸಾಗರದ ನಾ. ಡಿಸೋಜ ದೊಡ್ಡವರಿಗಾಗಿಯೂ ಮಕ್ಕಳಿಗಾಗಿಯೂ ಬರೆದರು, ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಮುಳುಗಡೆಯ ಮೂರನೆಯ ತಲೆಮಾರಿನ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ. ಅವರು ಏನು ಬರೆದಾರೆಂದು ಕೇಳಿದವರು ಕಡಿಮೆ.

ಅಧ್ಯಾಪಕ: ಬರೆದರು, ಓದಿದರು, ಪತ್ರ ಹೋಯಿತು, ಪತ್ರ ಬಂತು. ಆ ಮೇಲೆ ಆ ಕಾಗದಗಳ ಗತಿ? ಶಾಲೆಯಲ್ಲಿ ಅವು ಮಾರ್ಚ್ ಕಳೆದ ಮೇಲೆ ರದ್ದಿಗೆ ಹೋಗುತ್ತವೆ.

ಮೇಲ್ವಿಚಾರಕಿ: ಗ್ರಂಥಾಲಯದಲ್ಲಿ ಹಾಗೆ ಹೋಗಬೇಕಿಲ್ಲ. ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು ಗ್ರಂಥಾಲಯವನ್ನು ಬೆಳೆಯುವ ಜೀವಿ ಎನ್ನುತ್ತದೆ; ಬೆಂಗಳೂರಿನಿಂದ ಮೂಟೆಯಲ್ಲಿ ಬಂದ ಪುಸ್ತಕಗಳಿಂದ ಮಾತ್ರ ಅದು ಬೆಳೆಯಬೇಕೆಂದು ಆ ಸೂತ್ರ ಹೇಳುವುದಿಲ್ಲ. ಎರಡನೆಯ ಪ್ರತಿಗಳನ್ನು ಸೇರಿಸಿ, ರಟ್ಟು ಹಾಕಿ, ಹೊಲಿದು, ಅದಕ್ಕೂ ಪರಿಗ್ರಹಣ ಸಂಖ್ಯೆ, ಅಂದರೆ ಗ್ರಂಥಾಲಯಕ್ಕೆ ಬಂದ ಪ್ರತಿಯೊಂದು ಪುಸ್ತಕಕ್ಕೂ ರಿಜಿಸ್ಟರಿನಲ್ಲಿ ಬಂದ ಕ್ರಮದಲ್ಲಿ ಕೊಡುವ ಅಂಕಿ, ಹಾಕಿ, ಮೊಹರು ಒತ್ತಿದರೆ ಅದು ಗ್ರಂಥಾಲಯದ ಪುಸ್ತಕ. ಯಾರು ಬೇಕಾದರೂ ಕಾರ್ಡು ತೋರಿಸಿ ಮನೆಗೆ ಒಯ್ಯಬಹುದು.

ಅಧ್ಯಾಪಕ: ಯಾವ ಕಪಾಟಿನಲ್ಲಿ?

ಮೇಲ್ವಿಚಾರಕಿ: ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆಯಿದೆ. ಕುವೆಂಪು ಇರುವ ಸಾಲು ಅದು, ಜಾಗ ಸ್ವಲ್ಪ ಇಕ್ಕಟ್ಟು.

ಅಧ್ಯಾಪಕ: ಇರುವುದು ಒಂದೇ ಕೈಬರಹದ ಪ್ರತಿ. ಅದು ತನಗೇ ಬೇಕೆಂದು, ಅಮ್ಮನಿಗೆ ತೋರಿಸಬೇಕೆಂದು ಮಗು ಹಟ ಹಿಡಿದರೆ?

ಮೇಲ್ವಿಚಾರಕಿ: ಗ್ರಂಥಾಲಯಕ್ಕಾಗಿ ಇನ್ನೊಂದು ಪ್ರತಿ ಬರೆದುಕೊಡುವಂತೆ ಕೇಳಬೇಕಾಗುತ್ತದೆ.

ಅಧ್ಯಾಪಕ: ಮಕ್ಕಳು ನೋಡಿಕೊಂಡು ಬರೆಯುವವರಲ್ಲ. ಎರಡನೆಯ ಸಲ ಬರೆಯುವಾಗ ಬಸ್ಸಿಗೆ ಗೊರಬು ಬೇಡ, ಕಂಬಳಿ ಇರಲಿ ಎಂದು ಕತೆಯನ್ನೇ ಬದಲಾಯಿಸಿಬಿಟ್ಟರೆ?

ಮೇಲ್ವಿಚಾರಕಿ: ಆಗ ಎರಡನ್ನೂ ಕೇಳಿ ಪಡೆದು, ಎರಡಕ್ಕೂ ಬೇರೆ ಬೇರೆ ಪರಿಗ್ರಹಣ ಸಂಖ್ಯೆ ಕೊಡಬೇಕಾಗುತ್ತದೆ.